ಓಡುವ ಚೆಂಡು, ನಿಂತ ಮನುಷ್ಯ: ನಿಲ್ಸ್ ಲೀಡ್‌ಹೋಮ್ ಆಟದ ಲೆಕ್ಕ

ಮಿಲಾನಿನ ಸ್ಯಾನ್ ಸಿರೊ ಮೈದಾನದಲ್ಲಿ ಒಮ್ಮೆ, ಎಸಿ ಮಿಲಾನ್ ಕ್ಲಬ್ಬಿಗೆ ಆಡುತ್ತಿದ್ದ ಸ್ವೀಡನ್ನಿನ ಫುಟ್‌ಬಾಲ್ ಆಟಗಾರ ನಿಲ್ಸ್ ಲೀಡ್‌ಹೋಮ್ ಕೊಟ್ಟ ಪಾಸ್ ತಪ್ಪಿ ಎದುರಾಳಿಯ ಕಾಲಿಗೆ ಹೋಯಿತಂತೆ. ಮೈದಾನಕ್ಕೆ ಮೈದಾನವೇ ಗಪ್‌ಚಿಪ್. ಆಮೇಲೆ ಜನ ಎದ್ದು ನಿಂತು ಐದು ನಿಮಿಷ ಚಪ್ಪಾಳೆ ತಟ್ಟಿದರಂತೆ. ಬೈಗುಳವಲ್ಲ, ಚಪ್ಪಾಳೆ. ಯಾಕೆಂದರೆ ಈ ಮನುಷ್ಯ ಪಾಸ್ ತಪ್ಪಿದ್ದನ್ನು ಅವರು ನೋಡಿ ಎರಡು ವರ್ಷವಾಗಿತ್ತಂತೆ.

‘ಅಂತೆ’ಗಳು ಇಷ್ಟು ಸೇರಿಕೊಂಡ ಕಥೆಯನ್ನು ಸ್ವಲ್ಪ ಅನುಮಾನದಿಂದಲೇ ಕೇಳಬೇಕು. ಅದರಲ್ಲೂ ಇದನ್ನು ಮತ್ತೆ ಮತ್ತೆ ಹೇಳಿದವರಲ್ಲಿ ಲೀಡ್‌ಹೋಮ್ ಅವರೇ ಒಬ್ಬರು. ಮುಖದಲ್ಲಿ ನಗುವಿನ ಗೆರೆಯೂ ಕಾಣಿಸದಂತೆ ತಮಾಷೆ ಮಾಡುವುದರಲ್ಲಿ ಅವರು ನಿಸ್ಸೀಮರು. ಆದರೂ ಇಂಥ ಕಥೆ ಎಲ್ಲ ಆಟಗಾರರ ಮೇಲೂ ಹುಟ್ಟುವುದಿಲ್ಲ. ಕೆಲವರ ಹೆಸರು ಹೇಳಿದರೆ ಗೋಲು ನೆನಪಾಗುತ್ತದೆ, ಕೆಲವರದು ಹೇಳಿದರೆ ಓಟ. ಇವರ ಹೆಸರು ಹೇಳಿದರೆ ಇಟಲಿಯವರಿಗೆ ಇಂದಿಗೂ ನೆನಪಾಗುವುದು ಪಾಸ್.

ಲೀಡ್‌ಹೋಮ್ 38ನೇ ವಯಸ್ಸಿನವರೆಗೆ ಇಟಲಿಯ ಮೊದಲ ದರ್ಜೆಯ ಲೀಗಿನಲ್ಲಿ ಆಡಿದರು. 35 ದಾಟಿದ ಮೇಲೆ ವಿಶ್ವಕಪ್ ಫೈನಲಿನಲ್ಲಿ ಗೋಲು ಹೊಡೆದರು. ಕೋಚ್ ಆದ ಮೇಲೆ, ಇಟಲಿಯವರು ತಮ್ಮ ಕುಲದೈವದಂತೆ ಕಾಪಾಡಿಕೊಂಡಿದ್ದ ಡಿಫೆನ್ಸ್ ಪದ್ಧತಿಯನ್ನೇ ಕದಲಿಸಿದರು. ಈ ಮೂರನ್ನೂ ಬೇರೆ ಬೇರೆಯಾಗಿ ಹೇಳುವುದು ರೂಢಿ. ನನಗೆ ಮೂರರ ಹಿಂದೆಯೂ ಕಾಣುವುದು ಒಂದೇ ಲೆಕ್ಕ: ಯಾವ ಮನುಷ್ಯನೂ ಚೆಂಡಿನಷ್ಟು ಜೋರಾಗಿ ಓಡಲಾರ. ಹಾಗಿದ್ದ ಮೇಲೆ ಓಡಿಸಬೇಕಾದ್ದು ಯಾವುದನ್ನು?

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಲೀಡ್‌ಹೋಮ್ ಅವರನ್ನು ನಾವು ಮಿಡ್‌ಫೀಲ್ಡರ್ ಎನ್ನುತ್ತೇವೆ. ಆದರೆ ಅವರು ಆಡಲು ಶುರು ಮಾಡಿದ 1940ರ ದಶಕದ ತಂಡದ ಪಟ್ಟಿಯಲ್ಲಿ ಆ ಮಾತೇ ಸಿಗುವುದಿಲ್ಲ. ಆಗ ಯುರೋಪಿನ ಬಹುಪಾಲು ತಂಡಗಳು ‘ಡಬ್ಲ್ಯು-ಎಂ’ ಎಂಬ ವಿನ್ಯಾಸದಲ್ಲಿ ನಿಲ್ಲುತ್ತಿದ್ದವು. ಹಿಂದೆ ಮೂವರು, ಅವರ ಮುಂದೆ ಇಬ್ಬರು ಹಾಫ್‌ಬ್ಯಾಕ್, ಅವರ ಮುಂದೆ ಇಬ್ಬರು ಇನ್‌ಸೈಡ್ ಫಾರ್ವರ್ಡ್, ಎಲ್ಲರಿಗಿಂತ ಮುಂದೆ ಮೂವರು. ಮುಂದಿನ ಐವರನ್ನು ಗೆರೆ ಎಳೆದು ಜೋಡಿಸಿದರೆ ಡಬ್ಲ್ಯು ಅಕ್ಷರ, ಹಿಂದಿನ ಐವರನ್ನು ಜೋಡಿಸಿದರೆ ಎಂ. ನಡುವೆ ಚೌಕಾಕಾರವಾಗಿ ನಿಂತ ಆ ನಾಲ್ವರೇ, ಅಂದರೆ ಎರಡು ಹಾಫ್‌ಬ್ಯಾಕ್ ಮತ್ತು ಎರಡು ಇನ್‌ಸೈಡ್ ಫಾರ್ವರ್ಡ್, ಇವತ್ತಿನ ಮಿಡ್‌ಫೀಲ್ಡ್. ಲೀಡ್‌ಹೋಮ್ ಶುರುವಿನಲ್ಲಿ ಎಡ ಅಂಚಿನ ವಿಂಗರ್. ಮಿಲಾನಿಗೆ ಬಂದ ಮೇಲೆ ಇನ್‌ಸೈಡ್ ಫಾರ್ವರ್ಡ್. ವಯಸ್ಸಾದಂತೆ ಹಾಫ್‌ಬ್ಯಾಕ್. ಕೊನೆಕೊನೆಗೆ ಡಿಫೆಂಡರುಗಳ ಸಾಲಿಗೇ ಬಂದು ನಿಂತರು. ವರ್ಷ ಕಳೆದಂತೆ ತಮ್ಮ ಗೋಲಿನ ಕಡೆಗೆ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಾ ಹೋದರು ಎನ್ನಿ. ಹಿಂದೆ ನಿಂತಷ್ಟೂ ಇಡೀ ಮೈದಾನ ಕಣ್ಣೆದುರಿಗೇ ಇರುತ್ತದೆ, ಓಟ ಕಡಿಮೆ, ನೋಟ ಹೆಚ್ಚು. ದೇಹ ಬೇಡ ಎಂದದ್ದನ್ನು ಬಿಟ್ಟು, ಅದು ಇನ್ನೂ ಮಾಡಬಲ್ಲದ್ದನ್ನು ಹಿಡಿದುಕೊಳ್ಳುವ ಜಾಣತನ ಇದು.

ಅವರು ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಸ್ವೀಡನ್ನಿನ ಪೂರ್ವ ಕರಾವಳಿಯ ವಾಲ್ಡೆಮಾರ್ಸ್‌ವಿಕ್ ಎಂಬ ಸಣ್ಣ ಊರಿನಲ್ಲಿ. ಊರ ತಂಡ, ಆಮೇಲೆ ಸ್ಲೀಪ್ನರ್, ಅಲ್ಲಿಂದ 1946ರಲ್ಲಿ ಐಎಫ್‌ಕೆ ನಾರ್‌ಶೋಪಿಂಗ್. ಆಗ ಸ್ವೀಡನ್ನಿನಲ್ಲಿ ಈ ತಂಡವನ್ನು ಮೀರಿಸುವವರಿರಲಿಲ್ಲ. ಅದರ ಕೋಚ್ ಹಂಗೇರಿಯ ಲಾಯೋಶ್ ಚೈಝ್ಲರ್. ಈ ಹೆಸರು ಮುಂದೆ ಮತ್ತೆ ಬರುತ್ತದೆ. ತಂಡದ ಸ್ಟ್ರೈಕರ್ ಗುನ್ನಾರ್ ನಾರ್ಡಾಲ್. ಎತ್ತಿನಂಥ ಮೈಕಟ್ಟಿನ ಈತ ಹೊಟ್ಟೆಪಾಡಿಗೆ ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡುತ್ತಿದ್ದ.

ದೇಶದ ಅತಿ ದೊಡ್ಡ ಸ್ಟ್ರೈಕರ್ ಬೆಂಕಿ ಆರಿಸುವ ಕೆಲಸಕ್ಕೆ ಹೋಗುವುದೇಕೆ? ಸ್ವೀಡನ್ನಿನಲ್ಲಿ ಆಟಕ್ಕೆ ಸಂಬಳ ಕೊಡುವಂತಿರಲಿಲ್ಲ. ಫುಟ್‌ಬಾಲ್ ಹವ್ಯಾಸ, ಜೀವನೋಪಾಯ ಬೇರೆ, ಇದು ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ನಿಯಮ. ನಿಯಮ ಮುರಿದು ಹಣಕ್ಕೆ ಆಡಿದವನಿಗೆ ರಾಷ್ಟ್ರೀಯ ತಂಡದ ಬಾಗಿಲು ಬಂದ್. ಈ ಒಂದು ನಿಯಮ ಅರ್ಥವಾದರೆ ಲೀಡ್‌ಹೋಮ್ ಬದುಕಿನ ಮುಂದಿನ ಹತ್ತು ವರ್ಷ ತಾನಾಗಿ ಅರ್ಥವಾಗುತ್ತದೆ.

1948ರ ಲಂಡನ್ ಒಲಿಂಪಿಕ್ಸ್ ಹವ್ಯಾಸಿಗಳ ಕೂಟವಾದ್ದರಿಂದ ಸ್ವೀಡನ್ ತನ್ನ ಅತ್ಯುತ್ತಮ ತಂಡವನ್ನೇ ಕಳಿಸಬಹುದಾಗಿತ್ತು. ಇಂಗ್ಲೆಂಡಿನಿಂದ ಬಂದ ಜಾರ್ಜ್ ರೇನರ್ ಕೋಚ್. ಕೊರಿಯಾ ಮೇಲೆ 12-0, ಸೆಮಿಫೈನಲಿನಲ್ಲಿ ಡೆನ್ಮಾರ್ಕ್ ಮೇಲೆ 4-2. ಡೆನ್ಮಾರ್ಕ್ ಪಂದ್ಯದ ಒಂದು ಗೋಲು ಇಂದಿಗೂ ಬಾಯಿಂದ ಬಾಯಿಗೆ ಬರುತ್ತದೆ. ತಾನು ಆಫ್‌ಸೈಡ್ (ಎದುರಾಳಿಯ ಡಿಫೆಂಡರುಗಳನ್ನು ದಾಟಿ ಮುಂದೆ ನಿಂತ ತಪ್ಪು) ಆಗುತ್ತೇನೆಂದು ಗೊತ್ತಾದ ನಾರ್ಡಾಲ್ ಸರ್ರನೆ ಎದುರಾಳಿಯ ಗೋಲ್ ಬಲೆಯೊಳಗೇ ನುಗ್ಗಿ ನಿಂತುಬಿಟ್ಟ, ಅಂದರೆ ಮೈದಾನದಿಂದ ಆಚೆ ಹೋದ. ಅತ್ತ ಹೆನ್ರಿ ಕಾರ್ಲ್‌ಸನ್ ತಲೆಯಿಂದ ಹೊಡೆದ ಚೆಂಡು ಬಂದು ಬಿದ್ದದ್ದು ಬಲೆಯೊಳಗಿದ್ದ ನಾರ್ಡಾಲ್ ಕೈಗೆ! ಫೈನಲಿನಲ್ಲಿ ಯುಗೊಸ್ಲಾವಿಯಾ ಮೇಲೆ 3-1ರ ಗೆಲುವು, ಚಿನ್ನ. ಎಡ ವಿಂಗಿನಲ್ಲಿ ಆಡಿದವರು ಲೀಡ್‌ಹೋಮ್. ಅದೇ ಒಲಿಂಪಿಕ್ಸಿನಲ್ಲಿ ಭಾರತದ ತಂಡವೂ ಇತ್ತು, ಹಲವರು ಬರಿಗಾಲಿನಲ್ಲಿ. ಫ್ರಾನ್ಸ್ ಎದುರು 1-2ರಲ್ಲಿ ಸೋತೆವು. ಆ ಒಂದು ಗೋಲು ನಮ್ಮ ಬೆಂಗಳೂರಿನ ಎಸ್. ರಾಮನ್ ಅವರದು.

ಒಲಿಂಪಿಕ್ಸ್ ನೋಡಿದ ಇಟಲಿಯ ಕ್ಲಬ್ಬುಗಳು ಚೀಲ ಹಿಡಿದುಕೊಂಡು ಉತ್ತರಕ್ಕೆ ಹೊರಟವು. ಲೀಗಿನಲ್ಲಿ ಸಂಬಳ ಕೊಡುವಂತಿಲ್ಲದ ನಾಡಿನಲ್ಲಿ ಒಲಿಂಪಿಕ್ ಚಾಂಪಿಯನ್ನರು ಸಿಗುತ್ತಿದ್ದರು. ಇದಕ್ಕಿಂತ ಒಳ್ಳೆಯ ಸಂತೆ ಎಲ್ಲಿದೆ? ಯುವೆಂಟಸ್ ಡೆನ್ಮಾರ್ಕಿನವರನ್ನು ಕರೆಸಿಕೊಂಡಿತು. ಎಸಿ ಮಿಲಾನ್ 1949ರ ಜನವರಿಯಲ್ಲಿ ನಾರ್ಡಾಲ್‌ನನ್ನು, ಅದೇ ಬೇಸಿಗೆಯಲ್ಲಿ ‘ಪ್ರೊಫೆಸರ್’ ಎಂದೇ ಹೆಸರಾದ ಗುನ್ನಾರ್ ಗ್ರೆನ್ ಮತ್ತು ಲೀಡ್‌ಹೋಮ್ ಅವರನ್ನು ಕೊಂಡಿತು. ಕೋಚ್ ಆಗಿ ಬಂದವರು ಅದೇ ಚೈಝ್ಲರ್. ಇಟಲಿಯ ಪತ್ರಿಕೆಗಳು ಮೂವರ ಹೆಸರಿನ ಮೊದಲ ತುಣುಕುಗಳನ್ನು ಪೋಣಿಸಿ ‘ಗ್ರೆ-ನೊ-ಲಿ’ ಎಂದು ಕರೆದವು.

ಮೊದಲ ಋತು 1949-50ರಲ್ಲಿ ಮಿಲಾನ್ 38 ಪಂದ್ಯಗಳಲ್ಲಿ 118 ಗೋಲು ಹೊಡೆಯಿತು. ಆದರೂ ಚಾಂಪಿಯನ್ ಆದದ್ದು ಯುವೆಂಟಸ್. ತಮಾಷೆಯೆಂದರೆ ಆ ಯುವೆಂಟಸ್ಸನ್ನು ಅದರ ಊರಾದ ಟೂರಿನ್ನಿನಲ್ಲೇ ಮಿಲಾನ್ 7-1ರಿಂದ ಬಡಿದಿತ್ತು. ಮರುವರ್ಷ ಪ್ರಶಸ್ತಿ ಬಂತು, 1907ರ ನಂತರ ಮಿಲಾನಿಗೆ ಮೊದಲನೆಯದು. ಮೂವರ ಕೆಲಸ ಹಂಚಿಕೆ ಸರಳ: ಗ್ರೆನ್ ಮತ್ತು ಲೀಡ್‌ಹೋಮ್ ಚೆಂಡನ್ನು ಎಲ್ಲಿಗೆ, ಯಾವಾಗ ಕಳಿಸಬೇಕೆಂದು ನಿರ್ಧರಿಸುವವರು, ನಾರ್ಡಾಲ್ ಅದನ್ನು ಬಲೆಗೆ ಸೇರಿಸುವವನು. ಮಿಲಾನ್ ಪರ ಲೀಗಿನಲ್ಲೇ 210 ಗೋಲು ಹೊಡೆದ ನಾರ್ಡಾಲ್ ಹೆಸರು ದಾಖಲೆಗಳಲ್ಲಿದೆ. ಪಾಸ್ ಕೊಟ್ಟವರ ಲೆಕ್ಕವನ್ನು ಆ ಕಾಲದಲ್ಲಿ ಯಾರೂ ಬರೆದಿಡುತ್ತಿರಲಿಲ್ಲ. ಮಿಡ್‌ಫೀಲ್ಡರನ ಬಗ್ಗೆ ಬರೆಯುವಾಗ ಅಂಕಿಗಳಿಗಿಂತ ದಂತಕಥೆಗಳೇ ಹೆಚ್ಚು ಕೈಗೆ ಸಿಗಲು ಇದೂ ಒಂದು ಕಾರಣ.

ಸಂಬಳ ಬಂತು, ದೇಶದ ಜೆರ್ಸಿ ಹೋಯಿತು. 1950ರ ಬ್ರೆಜಿಲ್ ವಿಶ್ವಕಪ್ಪಿಗೆ ಸ್ವೀಡನ್ ಈ ಮೂವರನ್ನು ಬಿಟ್ಟು, ಹವ್ಯಾಸಿಗಳನ್ನೇ ಕಟ್ಟಿಕೊಂಡು ಹೊರಟಿತು. ಅದರ ಗುಂಪಿನಲ್ಲಿ ಇಟಲಿ, ಪರಾಗ್ವೆ ಮತ್ತು... ಭಾರತ. ನಾವು ಹೋಗಲಿಲ್ಲ. ಹೋಗಿದ್ದರೆ ವಿಶ್ವಕಪ್ಪಿನಲ್ಲಿ ಸ್ವೀಡನ್ ಎದುರು ಆಡಿದ ತಂಡಗಳ ಪಟ್ಟಿಯಲ್ಲಿ ನಮ್ಮ ಹೆಸರೂ ಇರುತ್ತಿತ್ತು. ಸ್ವೀಡನ್ ಅಲ್ಲಿ ಇಟಲಿಯನ್ನು 3-2ರಿಂದ ಸೋಲಿಸಿತು. ಆ ಇಟಲಿಯೂ ಅರೆಜೀವವಾಗಿತ್ತು ಎನ್ನಬೇಕು. ಹಿಂದಿನ ವರ್ಷದ ಮೇ ತಿಂಗಳಲ್ಲಿ ಸುಪರ್ಗಾ ಬೆಟ್ಟಕ್ಕೆ ವಿಮಾನ ಬಡಿದು ಟೊರಿನೊ ತಂಡಕ್ಕೆ ತಂಡವೇ ಹೋಗಿತ್ತು, ರಾಷ್ಟ್ರೀಯ ತಂಡದ ಬೆನ್ನೆಲುಬು ಇದ್ದದ್ದು ಅದರಲ್ಲೇ. ಕೊನೆಗೆ ಸ್ವೀಡನ್ನಿಗೆ ಮೂರನೇ ಸ್ಥಾನ. ಇಟಲಿಯ ಕ್ಲಬ್ಬುಗಳು ಆ ತಂಡದಿಂದಲೂ ಆಟಗಾರರನ್ನು ಎತ್ತಿಕೊಂಡು ಹೋದವು, ಅವರಿಗೂ ತವರಿನ ಬಾಗಿಲು ಮುಚ್ಚಿತು. ಬೆಳೆಸುವುದು ಸ್ವೀಡನ್, ಉಣ್ಣುವುದು ಇಟಲಿ ಎನ್ನುವಂತಾಗಿತ್ತು.

ಗ್ರೆನ್ 1953ರಲ್ಲಿ, ನಾರ್ಡಾಲ್ 1956ರಲ್ಲಿ ಮಿಲಾನ್ ಬಿಟ್ಟರು. ಲೀಡ್‌ಹೋಮ್ ಉಳಿದರು, ನಾಯಕರೂ ಆದರು. 1951, 1955, 1957, 1959 ಹೀಗೆ ನಾಲ್ಕು ಲೀಗ್ ಪ್ರಶಸ್ತಿಗಳು. 1961ರಲ್ಲಿ ಬೂಟು ಬಿಚ್ಚಿಟ್ಟಾಗ ಲೀಗಿನಲ್ಲಿ 359 ಪಂದ್ಯ, 81 ಗೋಲು. ಇಟಲಿಯವರು ಅವರನ್ನು ‘ಇಲ್ ಬರೋನೆ’ ಎನ್ನುತ್ತಿದ್ದರು, ಅಂದರೆ ಪಾಳೆಯಗಾರ ಮನೆತನದ ದೊರೆ. ತಲೆ ಎತ್ತಿ ಆಡುವ ಗತ್ತು, ತಣ್ಣನೆಯ ಮಾತು ನೋಡಿದವರಿಗೆ ಹೆಸರು ಒಪ್ಪುತ್ತಿತ್ತು.

1958 ಬಂತು. ಈ ಸಲ ವಿಶ್ವಕಪ್ ಸ್ವೀಡನ್ನಿನಲ್ಲೇ. ಮನೆಯಲ್ಲಿ ಮದುವೆ ಇಟ್ಟುಕೊಂಡು ಮಕ್ಕಳನ್ನೇ ಹೊರಗಿಡುವುದು ಹೇಗೆ? ಫುಟ್‌ಬಾಲ್ ಸಂಸ್ಥೆ ಪಟ್ಟು ಸಡಿಲಿಸಿ, ಪರದೇಶದಲ್ಲಿ ಹಣಕ್ಕೆ ಆಡುತ್ತಿದ್ದವರನ್ನು ವಾಪಸ್ ಕರೆಯಿತು. (ದೇಶದೊಳಗೆ ಹವ್ಯಾಸಿ ನಿಯಮ ಪೂರ್ತಿ ಹೋಗಲು 1967ರವರೆಗೆ ಕಾಯಬೇಕಾಯಿತು.) ಲೀಡ್‌ಹೋಮ್ ನಾಯಕ. ಅಷ್ಟರಲ್ಲಿ ತವರಿಗೆ ಮರಳಿದ್ದ 37ರ ಗ್ರೆನ್ ಕೂಡ ತಂಡದಲ್ಲಿ. ಕೋಚ್ ಮತ್ತೆ ರೇನರ್. ಆ ವರ್ಷದ ಮೇ 28ರಂದು ಲೀಡ್‌ಹೋಮ್ ಬ್ರಸೆಲ್ಸ್‌ನಲ್ಲಿ ಮಿಲಾನ್ ಪರ ಯುರೋಪಿಯನ್ ಕಪ್ (ಯುರೋಪಿನ ಚಾಂಪಿಯನ್ ಕ್ಲಬ್ಬುಗಳ ಕೂಟ) ಫೈನಲ್ ಆಡಿ, ರಿಯಲ್ ಮ್ಯಾಡ್ರಿಡ್ ಎದುರು ಹೆಚ್ಚುವರಿ ಸಮಯದಲ್ಲಿ 2-3ರಿಂದ ಸೋತಿದ್ದರು. ಒಂದು ತಿಂಗಳು ಕಳೆದು ಜೂನ್ 29ಕ್ಕೆ ಇನ್ನೊಂದು ಫೈನಲ್: ಸ್ಟಾಕ್‌ಹೋಮ್ ಪಕ್ಕದ ರೋಸುಂಡ ಮೈದಾನ, ಎದುರಿಗೆ ಬ್ರೆಜಿಲ್.

ಬ್ರೆಜಿಲ್ ಮೊದಲೇ ಒಂದು ಗೋಲು ತಿಂದರೆ ಗಾಬರಿ ಬೀಳುತ್ತದೆ ಎಂಬುದು ರೇನರ್ ಎಣಿಕೆ. ನಾಲ್ಕನೇ ನಿಮಿಷದಲ್ಲಿ ಪೆನಾಲ್ಟಿ ಪ್ರದೇಶದ ಅಂಚಿನಲ್ಲಿ ಚೆಂಡು ಲೀಡ್‌ಹೋಮ್ ಕಾಲಿಗೆ ಬಂತು. ಅವಸರವಿಲ್ಲ. ಒಬ್ಬನನ್ನು ದಾಟಿದರು, ಇನ್ನೊಬ್ಬನನ್ನು ದಾಟಿದರು, ನೆಲಕ್ಕಂಟಿಕೊಂಡು ಹೋಗುವಂತೆ ಮೂಲೆಗೆ ಒದ್ದರು. 1-0. ಈಗ ಬ್ರೆಜಿಲಿನ ದಿದಿ ಮಾಡಿದ್ದನ್ನು ನೋಡಿ. ಬಲೆಯ ಬಳಿಯಿಂದ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಮಧ್ಯದ ವೃತ್ತದವರೆಗೆ ನಿಧಾನವಾಗಿ ನಡೆದುಕೊಂಡೇ ಬಂದ. ಗಾಬರಿ ಬೀಳಲಿ ಎಂದು ಕಾದಿದ್ದವರ ಎದುರು ಓಡದೆ ನಡೆದು ತೋರಿಸಿದ. ಆವತ್ತು ಮೈದಾನದಲ್ಲಿ ನಿಧಾನದ ಬೆಲೆ ಗೊತ್ತಿದ್ದವರು ಲೀಡ್‌ಹೋಮ್ ಒಬ್ಬರೇ ಅಲ್ಲ ಎಂದಾಯಿತು. ಬ್ರೆಜಿಲ್ 5-2ರಿಂದ ಗೆದ್ದಿತು. ಅದರಲ್ಲಿ ಎರಡು ಗೋಲು 17 ವರ್ಷದ ಪೆಲೆ ಎಂಬ ಹುಡುಗನದು. ವಿಶ್ವಕಪ್ ಫೈನಲಿನಲ್ಲಿ ಗೋಲು ಹೊಡೆದ ಅತಿ ಕಿರಿಯನೂ ಅತಿ ಹಿರಿಯನೂ ಒಂದೇ ಪಂದ್ಯದಲ್ಲಿ ಎದುರುಬದುರು ಇದ್ದರು. 2022ರಲ್ಲಿ ಮೆಸ್ಸಿ ಕೂಡ 35ರ ವಯಸ್ಸಿನಲ್ಲಿ ಫೈನಲ್ ಗೋಲು ಹೊಡೆದರು, ಆದರೆ ಲೀಡ್‌ಹೋಮ್ ಅವರಿಗಿಂತ ಸುಮಾರು ಮೂರು ತಿಂಗಳು ಚಿಕ್ಕವರಾಗಿ.

ಇಷ್ಟು ಆಟಗಾರನ ಕಥೆ. ಕೋಚ್ ಆಗಿ ಅವರು ಮಾಡಿದ್ದು ತಿಳಿಯಬೇಕಾದರೆ ಇಟಲಿಯವರು ಆಗ ಹೇಗೆ ಡಿಫೆನ್ಸ್ ಮಾಡುತ್ತಿದ್ದರು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

1960-70ರ ದಶಕದ ಇಟಲಿಯ ಪದ್ಧತಿಗೆ ‘ಕತೆನಾಚ್ಚೊ’ ಎಂದು ಹೆಸರು. ಬಾಗಿಲಿಗೆ ಹಾಕುವ ಅಗುಳಿ ಎಂದು ಅರ್ಥ. ಎದುರಾಳಿಯ ಪ್ರತಿ ಸ್ಟ್ರೈಕರಿಗೂ ಒಬ್ಬ ಕಾವಲುಗಾರ. ಅವನು ಎಡಕ್ಕೆ ಹೋದರೆ ಇವನೂ ಎಡಕ್ಕೆ, ಅವನು ನೀರು ಕುಡಿಯಲು ಹೋದರೆ ಇವನೂ ಅಲ್ಲೇ. ಇದು ಮನುಷ್ಯನನ್ನು ಕಾಯುವ ಡಿಫೆನ್ಸ್. ಯಾರಾದರೂ ತಪ್ಪಿಸಿಕೊಂಡು ಬಂದರೆ ಹಿಡಿಯಲು ಎಲ್ಲರ ಹಿಂದೆ ಕಾವಲಿಲ್ಲದ ಒಬ್ಬ, ‘ಲಿಬೆರೊ’, ಅಂದರೆ ಬಿಡುವಾಗಿರುವವ. ಇದರ ಗುಣ ಸ್ಪಷ್ಟ: ಗೋಲು ಬಿದ್ದರೆ ಯಾರ ತಪ್ಪು ಎಂದು ತಕ್ಷಣ ಗೊತ್ತಾಗುತ್ತದೆ. ದೋಷವೂ ಅಷ್ಟೇ ಸ್ಪಷ್ಟ: ನಿಮ್ಮ ಡಿಫೆಂಡರ್ ಎಲ್ಲಿರಬೇಕು ಎಂಬುದನ್ನು ನಿರ್ಧರಿಸುವವನು ಎದುರಾಳಿ. ಅವನು ಓಡಿಸಿದಷ್ಟೂ ಇವನು ಓಡಬೇಕು. ಕೊನೆಗೊಮ್ಮೆ ಚೆಂಡು ಕೈಗೆ ಸಿಕ್ಕಾಗ ನಿಮ್ಮವರು ಚೆಲ್ಲಾಪಿಲ್ಲಿಯಾಗಿರುತ್ತಾರೆ, ಪಾಸ್ ಕೊಡಲು ಅಕ್ಕಪಕ್ಕದಲ್ಲಿ ಯಾರೂ ಇರುವುದಿಲ್ಲ.

ಲೀಡ್‌ಹೋಮ್ ತಂದದ್ದು ಜಾಗವನ್ನು ಕಾಯುವ ಡಿಫೆನ್ಸ್, ‘ಜೋನ್’. ನಮಗೆ ಇದನ್ನು ವಿವರಿಸುವುದು ಕಷ್ಟವಲ್ಲ, ಕ್ರಿಕೆಟ್ ಇದೆ. ಕವರ್‌ನಲ್ಲಿ ನಿಂತ ಫೀಲ್ಡರ್ ಬ್ಯಾಟ್ಸ್‌ಮನ್ನನ ಹಿಂದೆ ಸುತ್ತುವುದಿಲ್ಲ, ತನ್ನ ಜಾಗ ಕಾಯುತ್ತಾನೆ. ಚೆಂಡು ಆ ಕಡೆ ಬಂದರೆ ಅವನದು, ಪಕ್ಕಕ್ಕೆ ಹೋದರೆ ಪಕ್ಕದವನದು. ಫುಟ್‌ಬಾಲಿನಲ್ಲೂ ಹಾಗೆಯೇ: ಸ್ಟ್ರೈಕರ್ ನನ್ನ ಜಾಗದಿಂದ ನಿನ್ನ ಜಾಗಕ್ಕೆ ದಾಟಿದರೆ ಅವನು ಈಗ ನಿನ್ನ ಪಾಲು, ನಾನು ಹಿಂಬಾಲಿಸುವುದಿಲ್ಲ. ಓಟ ಉಳಿಯಿತು. ಚೆಂಡು ಸಿಕ್ಕ ಕೂಡಲೇ ಎಲ್ಲರೂ ತಮ್ಮ ತಮ್ಮ ಜಾಗದಲ್ಲೇ ಇರುವುದರಿಂದ ಪಾಸಿಗೆ ದಾರಿ ಸಿದ್ಧ. ಅಪಾಯ ಇರುವುದು ಗಡಿಯಲ್ಲಿ. ಇಬ್ಬರು ಫೀಲ್ಡರುಗಳ ನಡುವೆ ಎದ್ದ ಕ್ಯಾಚನ್ನು ‘ನಿಂದು, ನಿಂದು’ ಎಂದು ಇಬ್ಬರೂ ಬಿಟ್ಟುಕೊಟ್ಟಂತೆ, ಎರಡು ಜಾಗಗಳ ನಡುವೆ ನುಸುಳಿದವನನ್ನು ಇಬ್ಬರೂ ಬಿಟ್ಟರೆ ಮುಗಿಯಿತು. ಅದಕ್ಕೆ ಕಾಲಿಗಿಂತ ಬಾಯಿ ಮತ್ತು ಕಣ್ಣು ಚುರುಕಾಗಿರಬೇಕು. ಗೋಲು ಬಿದ್ದಾಗ ಬೈಯಲು ಒಬ್ಬನೇ ಸಿಗುವುದಿಲ್ಲ ಎಂಬ ತೊಂದರೆಯೂ ಇದೆ, ಇಟಲಿಯ ಪತ್ರಕರ್ತರಿಗೆ ಅದು ಸಣ್ಣ ತೊಂದರೆಯಲ್ಲ.

ಈ ಕೋಚ್ ಊರೂರು ತಿರುಗಿದವರು. ವೆರೋನಾ, ವರೇಸೆ ತಂಡಗಳನ್ನು ಮೇಲಿನ ದರ್ಜೆಗೆ ಏರಿಸಿದರು, ಫಿಯೊರೆಂಟಿನಾ ನೋಡಿದರು, 1979ರಲ್ಲಿ ಮಿಲಾನಿಗೆ ಹತ್ತನೇ ಲೀಗ್ ಪ್ರಶಸ್ತಿ ತಂದುಕೊಟ್ಟರು. ಇಟಲಿಯಲ್ಲಿ ಹತ್ತಕ್ಕೊಂದು ನಕ್ಷತ್ರ ಅಂಗಿಯ ಮೇಲೆ ಹೊಲಿಸಿಕೊಳ್ಳುವ ಹಕ್ಕು ಬರುತ್ತದೆ. ನಕ್ಷತ್ರ ಬಂದ ಬೇಸಿಗೆಯಲ್ಲೇ ಅವರು ರೋಮಾಕ್ಕೆ ಹೊರಟರು. ಜೋನ್ ಪೂರ್ತಿ ಅರಳಿದ್ದು ಅಲ್ಲಿ.

ಆ ತಂಡದಲ್ಲಿ ಅಗೊಸ್ಟಿನೊ ದಿ ಬಾರ್ತೊಲೊಮೈ ಎಂಬ ನಾಯಕನಿದ್ದ. ಮಿಡ್‌ಫೀಲ್ಡರ್, ಅದ್ಭುತ ಪಾಸ್, ಕಾಲಿನಲ್ಲಿ ವೇಗ ಮಾತ್ರ ಇಲ್ಲ. ಲೀಡ್‌ಹೋಮ್ ಅವನನ್ನು ಡಿಫೆನ್ಸಿನ ನಡುವಿಗೆ ಇಳಿಸಿದರು. ನಿಧಾನದ ಆಟಗಾರನನ್ನು ಗೋಲಿನ ಹತ್ತಿರ ಇಡುವುದೇ? ಆದರೆ ಅವನ ಪಕ್ಕದಲ್ಲಿ ಚಿಗರೆಯಂತೆ ಓಡುವ ಪಿಯೆತ್ರೊ ವೀರ್ಕೊವೊಡ್ ಇದ್ದ. ಓಡಬೇಕಾದ ಕಡೆ ಅವನು ಓಡುತ್ತಿದ್ದ, ಇವನು ಹಿಂದಿನಿಂದ ಇಡೀ ಮೈದಾನ ನೋಡಿ ಪಾಸ್ ಶುರು ಮಾಡುತ್ತಿದ್ದ. ಲೀಡ್‌ಹೋಮ್ ತಮ್ಮ ಕೊನೆಯ ವರ್ಷಗಳಲ್ಲಿ ತಾವು ಹಿಂದೆ ಸರಿದು ಕಂಡುಕೊಂಡದ್ದನ್ನೇ ಇನ್ನೊಬ್ಬನಿಗೆ ಮುಂಚಿತವಾಗಿ ಮಾಡಿಸಿದರು. ಮುಂದೆ ಮಿಡ್‌ಫೀಲ್ಡಿನಲ್ಲಿ ಬ್ರೆಜಿಲಿನ ಫಾಲ್ಕಾವೊ ಮತ್ತು ಕಾರ್ಲೊ ಆಂಚೆಲೊಟ್ಟಿ. ಚೆಂಡು ಒಬ್ಬರಿಂದೊಬ್ಬರಿಗೆ, ಮತ್ತೆ ಹಿಂದಕ್ಕೆ, ಮತ್ತೆ ಅಡ್ಡಕ್ಕೆ. ಎದುರಾಳಿಗೆ ಸುಸ್ತಾಗುವವರೆಗೆ. ಇಟಲಿಯವರು ಇದನ್ನು ‘ಜೇಡರಬಲೆ’ ಎಂದರು. ಬೇಸರದ ಆಟ ಎಂದವರೂ ಇದ್ದರು, ಮತ್ತು ಕೆಲವು ಮಧ್ಯಾಹ್ನಗಳಲ್ಲಿ ಅವರ ಮಾತು ನಿಜವೂ ಇರಬೇಕು. 1983ರ ಮೇ 8ರಂದು ರೋಮಾ ಜಿನೋವಾದಲ್ಲಿ 1-1 ಡ್ರಾ ಮಾಡಿಕೊಂಡು ಚಾಂಪಿಯನ್ ಆಯಿತು, 1942ರ ನಂತರ ಮೊದಲ ಸಲ.

ಮರುವರ್ಷ ಯುರೋಪಿಯನ್ ಕಪ್ ಫೈನಲ್, ಅದೂ ರೋಮಿನ ತಮ್ಮದೇ ಮೈದಾನದಲ್ಲಿ, ಲಿವರ್‌ಪೂಲ್ ಎದುರು. 1-1. ಪೆನಾಲ್ಟಿಗಳಲ್ಲಿ ರೋಮಾದ ಕೊಂತಿ ಮತ್ತು ಗ್ರಾತ್ಸಿಯಾನಿ ಇಬ್ಬರೂ ಮೇಲಕ್ಕೆ ಹೊಡೆದರು. ಲಿವರ್‌ಪೂಲಿನ ಗೋಲ್‌ಕೀಪರ್ ಗ್ರೊಬೆಲಾರ್ ಗೆರೆಯ ಮೇಲೆ ಕಾಲು ನಡುಗುವಂತೆ ನಟಿಸಿ ಕೀಟಲೆ ಮಾಡಿದ್ದು ಅದೇ ರಾತ್ರಿ. ಆಟಗಾರನಾಗಿ 1958ರಲ್ಲಿ ಎರಡು, ಕೋಚ್ ಆಗಿ ಇದೊಂದು. ವಿಶ್ವಕಪ್, ಯುರೋಪಿಯನ್ ಕಪ್ ಸೇರಿ ಮೂರು ಫೈನಲ್, ಮೂರೂ ಸೋಲು.

ಮಿಲಾನಿಗೆ 1984ರಲ್ಲಿ ಮರಳಿದರು. 1987ರಲ್ಲಿ ಅವರು ಹೋದ ಮೇಲೆ, ಕೆಲವು ವಾರ ಕಳೆದು ಆ ಕುರ್ಚಿಗೆ ಬಂದವರು ಅರಿಗೊ ಸಾಕ್ಕಿ. ಜೋನ್ ಎಂದ ಕೂಡಲೇ ಲೋಕಕ್ಕೆ ಈಗ ನೆನಪಾಗುವುದು ಸಾಕ್ಕಿಯೇ. ಇಬ್ಬರದೂ ಒಂದೇ ಅಲ್ಲ. ಲೀಡ್‌ಹೋಮ್ ಜೋನ್ ಕಾಯುತ್ತಿತ್ತು, ಉಸಿರು ಉಳಿಸುತ್ತಿತ್ತು. ಸಾಕ್ಕಿಯ ಜೋನ್ ಮುನ್ನುಗ್ಗಿ ಚೆಂಡು ಕಸಿಯುತ್ತಿತ್ತು, ಅದಕ್ಕೆ ಓಟ ಬೇಕೇ ಬೇಕು. ಆದರೆ ಸಾಕ್ಕಿ ಬಂದಾಗ ಮಿಲಾನಿನ ಡಿಫೆಂಡರುಗಳಿಗೆ ಜೋನ್ ಎಂಬುದು ಹೊಸ ಅಕ್ಷರಮಾಲೆಯಾಗಿರಲಿಲ್ಲ. ರೋಮಾದಿಂದ ಅದೇ ಬೇಸಿಗೆಯಲ್ಲಿ ಬಂದ ಆಂಚೆಲೊಟ್ಟಿ ಕೂಡ ಅದನ್ನು ಕಲಿತೇ ಬಂದಿದ್ದರು. ಮಿಲಾನಿನ ಹೆಸರಾಂತ ಡಿಫೆಂಡರ್ ಫ್ರಾಂಕೊ ಬರೇಸಿಗೆ 1978ರಲ್ಲಿ, 17ನೇ ವಯಸ್ಸಿನಲ್ಲಿ, ಲೀಗಿನ ಮೊದಲ ಪಂದ್ಯ ಆಡಿಸಿದವರು ಲೀಡ್‌ಹೋಮ್.

ಕೊನೆಯ ವರ್ಷಗಳನ್ನು ಅವರು ಕಳೆದದ್ದು ಪಿಯೆಮೊಂತೆಯ ಕುಕ್ಕಾರೊ ಎಂಬ ಹಳ್ಳಿಯಲ್ಲಿ, ತಮ್ಮ ದ್ರಾಕ್ಷಿ ತೋಟದಲ್ಲಿ, ವೈನ್ ಮಾಡಿಸಿಕೊಂಡು. ತೀರಿಕೊಂಡದ್ದೂ ಅಲ್ಲೇ, 2007ರ ನವೆಂಬರ್ 5ರಂದು. ಸ್ವೀಡನ್ನಿನಲ್ಲಿ ಬದುಕಿದ್ದಕ್ಕಿಂತ ಇಟಲಿಯಲ್ಲಿ ಬದುಕಿದ ವರ್ಷಗಳೇ ಹೆಚ್ಚು.

ಇನ್ನೊಬ್ಬ ಹುಡುಗನ ವಿಷಯ ಉಳಿಯಿತು. 1985ರ ಜನವರಿ 20, ಊಡಿನೆ ಪಟ್ಟಣದಲ್ಲಿ ಮಿಲಾನ್ ಪಂದ್ಯ. ಮಧ್ಯಂತರದಲ್ಲಿ ಒಬ್ಬ ಆಟಗಾರನನ್ನು ಹೊರಗೆ ಕೂರಿಸಬೇಕಾಯಿತು. ಲೀಡ್‌ಹೋಮ್ ಬೆಂಚಿನಲ್ಲಿದ್ದ 16 ವರ್ಷದವನನ್ನು ಎಬ್ಬಿಸಿ ಒಳಗೆ ಕಳಿಸಿದರು. ಅವನು ಚೆಸಾರೆ ಮಾಲ್ದಿನಿಯ ಮಗ. ಅಪ್ಪ ಲೀಡ್‌ಹೋಮ್ ಜೊತೆ ಆಡಿ, ಅವರ ನಂತರ ಮಿಲಾನ್ ನಾಯಕನಾದವರು. ಮಗ ಪಾವೊಲೊ ಅದೇ ಅಂಗಿಯಲ್ಲಿ ಕೊನೆಯ ಪಂದ್ಯ ಆಡಿದ್ದು 2009ರ ಮೇ ತಿಂಗಳಲ್ಲಿ, 40ನೇ ವಯಸ್ಸಿನಲ್ಲಿ. ಅಷ್ಟರಲ್ಲಿ ಲೀಡ್‌ಹೋಮ್ ತೀರಿಕೊಂಡು ಒಂದೂವರೆ ವರ್ಷವಾಗಿತ್ತು.